ಕರಿ ಕೋಟಿನ ಮಡಿಕೆ

ಪಿ.ಯು.ಸಿ. ಫಲಿತಾಂಶ ಬಂದು, ಕಾಲೇಜಿನಲ್ಲಿ ಸೀಟು ಸಿಕ್ಕಿ, ಮೊದಲ ಕಂತಿನ ಶುಲ್ಕ ಕಟ್ಟಿ ಉಸ್ಸಪ್ಪಾ ಎಂದು ಕೂತ ಅಪ್ಪ ಅಮ್ಮಂದಿರ ಮುಂದೆ ಮಕ್ಕಳು ಇಡುವ ಮುಂದಿನ ಬೇಡಿಕೆ ಕಂಪ್ಯೂಟರ್. ಎಂಜಿನಿಯರಿಂಗ್ ಓದುವವರ ಮನೆಯಲ್ಲಿ ಅದಕ್ಕೆ ಹೆಚ್ಚು ಚರ್ಚೆ ನಡೆಯುವುದಿಲ್ಲ. ಲ್ಯಾಪ್‌ಟಾಪ್ ಎಂಬುದು ಈಗ ಜಾಮಿಟ್ರಿ ಬಾಕ್ಸಿನಷ್ಟೇ ಸಹಜ. ದೃಶ್ಯಕಲೆ, ಅನಿಮೇಷನ್, ಛಾಯಾಗ್ರಹಣ ಎಂದು ಹೊರಟ ಹುಡುಗ ಹುಡುಗಿಯರು “ಫೋಟೋ ಎಡಿಟಿಂಗ್‌ಗೆ ಡೆಸ್ಕ್‌ಟಾಪ್ ಬೇಕು” ಎಂದಾಗ ಮಾತ್ರ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಫೋಟೋ ತಿದ್ದುವುದಕ್ಕೆ ಫೋನೇ ಸಾಕಲ್ಲವೇ ಎನ್ನುವುದು ಅಮ್ಮನ ಪ್ರಶ್ನೆ. ಎಷ್ಟಾಗುತ್ತದೆ ಎನ್ನುವುದು ಅಪ್ಪನ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಫೋನಿನ ಮಾತು ಮೊದಲು. ಅದರಲ್ಲಿ ಫೋಟೋ ಚೆನ್ನಾಗಿ ಕಾಣುತ್ತದೆ, ನಿಜ. ಕಣ್ಣಿಗೆ ಹಿತವಾಗಿ ಕಾಣಲೆಂದೇ ಎಷ್ಟೋ ಫೋನುಗಳು ಬಣ್ಣವನ್ನು ಒಂದು ಚೂರು ಹೆಚ್ಚಿಸಿ ತೋರಿಸುತ್ತವೆ. ಪಲ್ಯಕ್ಕೆ ಒಗ್ಗರಣೆ ಜಾಸ್ತಿ ಹಾಕಿ ಬಡಿಸಿದ ಹಾಗೆ. ಫೋಟೋ ಫೋನಿನಿಂದ ಫೋನಿಗೇ ಹೋಗುವುದಾದರೆ ಅದರಿಂದ ನಷ್ಟವೇನಿಲ್ಲ. ಅದು ಕಾಗದದ ಮೇಲೆ ಅಚ್ಚಾಗಬೇಕಾದಾಗ, ಆ ಅಚ್ಚಿಗೆ ಯಾರೋ ದುಡ್ಡು ಕೊಡಬೇಕಾದಾಗ ವಿಷಯ ಬೇರೆ. ಇನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆ ಅಂಟಿಕೊಂಡೇ ಬರುತ್ತದೆ. ಕಡಿಮೆ ಬೆಲೆಯದಾದರೆ ಮೊದಲು ಕೈಕೊಡುವುದು ಆ ತೆರೆಯ ಗುಣಮಟ್ಟವೇ. ಅದೇ ದುಡ್ಡಿಗೆ ಡೆಸ್ಕ್‌ಟಾಪಿನಲ್ಲಿ ದೊಡ್ಡ ತೆರೆ ಸಿಗುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು, ಕೈಯಲ್ಲಿ ದುಡ್ಡು ಬಂದ ಹಾಗೆ ಒಂದೊಂದಾಗಿ ಸೇರಿಸುತ್ತಲೂ ಹೋಗಬಹುದು. ಹಾಸ್ಟೆಲಿಗೆ ಹೋಗುವವರಿಗೆ ಈ ಲೆಕ್ಕ ಅನ್ವಯಿಸದು, ಅವರ ಪಾಡು ಬೇರೆ.

ಪಶ್ಚಿಮ ಬೆಂಗಳೂರಿನಲ್ಲಿ ಇದು ಬರಿಯ ಓದಿನ ಪ್ರಶ್ನೆಯಾಗಿ ಉಳಿಯುವುದೂ ಇಲ್ಲ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಕಲ್ಯಾಣ ಮಂಟಪಗಳಿಗೆ ಕೊರತೆಯಿಲ್ಲ. ಮಂಟಪಗಳಿದ್ದಲ್ಲಿ ಸ್ಟುಡಿಯೋಗಳು, ಸ್ಟುಡಿಯೋಗಳಿದ್ದಲ್ಲಿ ಆಲ್ಬಂ ಜೋಡಿಸಿಕೊಡುವ ಕೆಲಸ. ತೆಗೆದ ಸಾವಿರಾರು ಫೋಟೋಗಳಲ್ಲಿ ಒಳ್ಳೆಯವನ್ನು ಆರಿಸಿ, ಬಣ್ಣ ತಿದ್ದಿ, ಹಾಳೆಗೆ ಹೊಂದಿಸುವ ಈ ಕೆಲಸವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಕೂತು ಮಾಡುವುದುಂಟು. ಹಾಳೆಗೆ ಇಷ್ಟು ಎಂದು ಮಜೂರಿ. ಕಾಲೇಜಿನ ಬಸ್ ಪಾಸು, ಬಣ್ಣ, ಕಾಗದಗಳ ಖರ್ಚು ಅದರಲ್ಲಿ ನಡೆದುಹೋಗುತ್ತದೆ.

ಬಸವೇಶ್ವರನಗರದ ಒಂದು ಮನೆಯಲ್ಲಿ ನಡೆದದ್ದೂ ಹೀಗೆಯೇ. ಅಪ್ಪ ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಸ್ಟುಡಿಯೋ ನಡೆಸಿದವರು. ಪಾಸ್‌ಪೋರ್ಟ್ ಅಳತೆಯ ಫೋಟೋ, ನಾಮಕರಣ, ಗೃಹಪ್ರವೇಶ, ಮದುವೆ. ಕತ್ತಲೆ ಕೋಣೆಯ ಕೆಂಪು ದೀಪದ ಕೆಳಗೆ ಕಪ್ಪು-ಬಿಳುಪು ಪ್ರಿಂಟ್ ಹಾಕುವುದನ್ನು ಕಲಿತ ತಲೆಮಾರಿನ ಮನುಷ್ಯ. ಡಿಜಿಟಲ್ ಕ್ಯಾಮೆರಾ ಬಂತು, ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಒಂದು ದಿನ ಷಟರ್ ಎಳೆದು ಬಾಡಿಗೆ ಉಳಿಸಿದರು. ಈಚೆಗೆ ಗುರುತಿನವರ ಸಮಾರಂಭಗಳಿಗೆ ಮಾತ್ರ ಹೋಗುತ್ತಿದ್ದರು. ಮಗಳು 2025ರಲ್ಲಿ ದೃಶ್ಯಕಲಾ ಪದವಿಯ ಮೂರನೆಯ ವರ್ಷದಲ್ಲಿದ್ದಳು.

ಆ ವರ್ಷ ಶ್ರಾವಣದ ಒಂದು ಮದುವೆಯ ಆಲ್ಬಂ ಅವಳ ಕೈಗೆ ಬಂತು. ಮೊದಲನೆಯ ದೊಡ್ಡ ಕೆಲಸ. ಅಣ್ಣ ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪಿನ ಮುಂದೆ ಹದಿನೈದು ರಾತ್ರಿ ಕೂತು ನಲವತ್ತು ಹಾಳೆ ಜೋಡಿಸಿದಳು. ತೆರೆಯ ಮೇಲೆ ಎಲ್ಲ ಬೆಳಗುತ್ತಿತ್ತು. ಅಚ್ಚಾಗಿ ಬಂದ ಆಲ್ಬಂನಲ್ಲಿ ನೋಡಿದರೆ ಮದುಮಗಳ ಅರಿಸಿನದ ಕೆನ್ನೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಧಾರೆಯ ಹೊತ್ತಿನ ಫೋಟೋಗಳಲ್ಲಿ ಹಿಂದೆ ನಿಂತ ನೆಂಟರಿಷ್ಟರೆಲ್ಲ ಕತ್ತಲಲ್ಲಿ ಮುಳುಗಿದ್ದರು. ಹುಡುಗಿಯ ಕಡೆಯವರು ಆಲ್ಬಂ ವಾಪಸು ಕಳಿಸಿದರು. ಎರಡನೆಯ ಸಲ ಅಚ್ಚು ಹಾಕಿಸಿದ ಖರ್ಚನ್ನು ಕೆಲಸ ಕೊಟ್ಟವರು ಅವಳ ಲೆಕ್ಕದಲ್ಲಿ ಮುರಿದುಕೊಂಡರು. ಹದಿನೈದು ರಾತ್ರಿಯ ದುಡಿಮೆ ಅಲ್ಲಿಗೆ ಸಮ. “ಇನ್ನೊಂದು ಸಲ ಹೀಗಾದ್ರೆ ನಾವು ಬೇರೆಯವರನ್ನ ನೋಡ್ಕೋಬೇಕಾಗುತ್ತಮ್ಮ” ಎಂಬ ಮಾತೂ ಬಂತು. ಮೆತ್ತಗೆ ಆಡಿದ ಮಾತು. ಅದಕ್ಕೇ ಹೆಚ್ಚು ನಾಟಿತು.

ತಪ್ಪು ಎಲ್ಲಿ ಆಯಿತು ಎಂದು ಮಗಳಿಗಿಂತ ಮೊದಲು ಅಪ್ಪನಿಗೆ ಹೊಳೆಯಿತು. ಆ ಲ್ಯಾಪ್‌ಟಾಪಿನ ತೆರೆ ನೀಲಿಗೆ ವಾಲಿತ್ತು. ಮುಖಗಳು ತಣ್ಣಗೆ, ಪೇಲವವಾಗಿ ಕಂಡಿದ್ದರಿಂದ ಅವಳು ಫೋಟೋ ಫೋಟೋಕ್ಕೂ ಕೆಂಪು ಹಳದಿ ಸೇರಿಸುತ್ತಾ ಹೋಗಿದ್ದಳು. ತೆರೆಯ ನೀಲಿ ತೆರೆಯಲ್ಲೇ ಉಳಿಯಿತು, ಸೇರಿಸಿದ ಕೆಂಪು ಕಾಗದಕ್ಕೆ ಹೋಯಿತು. ಇನ್ನೊಂದು, ಬೆಳಕಿನ ಪ್ರಮಾಣವನ್ನು ಪೂರ್ತಿ ಏರಿಸಿಟ್ಟಿದ್ದಳು. ತೆರೆ ತನ್ನ ದೀಪದಿಂದ ತಾನೇ ಬೆಳಗುವ ವಸ್ತು. ಕಾಗದ ಕೋಣೆಯ ಬೆಳಕನ್ನು ಹಿಂದಿರುಗಿಸುವ ವಸ್ತು. ತೆರೆ ಉರಿಯುತ್ತಿದ್ದರೆ ಫೋಟೋ ಸಾಕಷ್ಟು ಬೆಳಕಾಗಿದೆ ಎಂದು ಕಣ್ಣು ಮೋಸಹೋಗುತ್ತದೆ. ಅಚ್ಚಿಗಾಗಿ ಕೆಲಸ ಮಾಡುವವರು ತೆರೆಯ ಬೆಳಕನ್ನು ಸುಮಾರು 80ರಿಂದ 120 ನಿಟ್‌ಗಳ ನಡುವೆ ಇಟ್ಟುಕೊಳ್ಳುವುದು ಅದಕ್ಕೇ. ಅಂಗಡಿಯಿಂದ ಬರುವಾಗ ತೆರೆಗಳು ಅದರ ಎರಡು ಮೂರು ಪಟ್ಟು ಬೆಳಗುತ್ತಿರುತ್ತವೆ. ‘ಪ್ರಿಂಟ್ ಕತ್ತಲಾಗಿ ಬಂತು’ ಎಂದು ಲ್ಯಾಬಿನವರ ಮೇಲೆ ಹೊರಿಸುವ ದೂರುಗಳಲ್ಲಿ ಎಷ್ಟೋ ಪಾಲು ಮನೆಯ ತೆರೆಗೆ ಸೇರಬೇಕಾದವು.

ಕತ್ತಲೆ ಕೋಣೆಯಲ್ಲಿ ಈ ಅನುಮಾನಕ್ಕೆ ಒಂದು ಉಪಾಯವಿತ್ತು. ಪೂರ್ತಿ ಕಾಗದ ಹಾಳುಮಾಡುವ ಮೊದಲು ಬೆರಳಗಲದ ತುಂಡೊಂದನ್ನು ಎನ್‌ಲಾರ್ಜರಿನ ಕೆಳಗಿಟ್ಟು, ರಟ್ಟಿನಿಂದ ಮುಚ್ಚುತ್ತಾ ಐದು ಸೆಕೆಂಡು, ಹತ್ತು ಸೆಕೆಂಡು, ಹದಿನೈದು ಸೆಕೆಂಡು ಎಂದು ಬೆಳಕು ಬಿಟ್ಟು ನೋಡುವುದು. ಯಾವ ಪಟ್ಟಿಯಲ್ಲಿ ಕರಿ ಕೂದಲಿನ ಎಳೆಗಳೂ ಬಿಳಿ ಪಂಚೆಯ ನೆರಿಗೆಗಳೂ ಎರಡೂ ಉಳಿದಿವೆಯೋ ಅದೇ ಸರಿಯಾದ ಹೊತ್ತು. ತುಂಡು ಕಾಗದದ ಖರ್ಚು ಕಾಸಿನದು, ಅದು ಉಳಿಸುತ್ತಿದ್ದುದು ರೂಪಾಯಿ. ಹೊಸ ಕಂಪ್ಯೂಟರ್ ಕೊಳ್ಳುವುದಾದರೆ ಮೊದಲು ತೆರೆ, ಆಮೇಲೆ ಉಳಿದದ್ದು ಎಂದು ಅಪ್ಪ ಹಟ ಹಿಡಿದದ್ದು ಈ ಹಳೆಯ ಅಭ್ಯಾಸದಿಂದ. ಮಗಳ ಲೆಕ್ಕ ತಿರುವುಮುರುವಾಗಿತ್ತು. ಸಹಪಾಠಿಗಳೆಲ್ಲ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಂದೇ ಮಾತಾಡುತ್ತಿದ್ದರು. ತೆರೆ ಎಂದರೆ ಕೊನೆಗೆ ಉಳಿದ ದುಡ್ಡಿಗೆ ಬರುವಂಥದ್ದು.

ಅವಳ ಮಾತಿನಲ್ಲೂ ಹುರುಳಿಲ್ಲದಿರಲಿಲ್ಲ. ಫೋಟೋ ಕೆಲಸ ಯಂತ್ರಕ್ಕೆ ಎಷ್ಟು ಭಾರ ಎನ್ನುವುದನ್ನು ಕೂಡಿಸಿ ನೋಡಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಕಡತ ಸುಮಾರು 25 ಎಂಬಿ. ಆರತಕ್ಷತೆ, ಮುಹೂರ್ತ ಎರಡೂ ಸೇರಿ 3,000 ಚಿತ್ರ ತೆಗೆದರೆ ಒಂದೇ ಮದುವೆಗೆ 75 ಜಿಬಿ. ಕಡತವನ್ನು ತೆರೆದ ಕೂಡಲೇ ಅದು ಇನ್ನೂ ಊದಿಕೊಳ್ಳುತ್ತದೆ: 2.4 ಕೋಟಿ ಚುಕ್ಕೆಗಳು, ಚುಕ್ಕೆಗೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟ್ ಎಂದರೆ 144 ಎಂಬಿ. ಇದು ಒಂದು ಪದರದ ಮಾತು. ಹತ್ತು ಪದರ ಹಾಕಿದರೆ ಒಂದೂಕಾಲು ಜಿಬಿ ದಾಟಿತು. ಇನ್ನು ಆಲ್ಬಂನ 12 ಅಂಗುಲ ಎತ್ತರ, 36 ಅಂಗುಲ ಅಗಲದ ಜೋಡಿ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ತಯಾರಿಸಿದರೆ 3.9 ಕೋಟಿ ಚುಕ್ಕೆ. ಫೋಟೋಶಾಪ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಸಾಕೆಂದು ತಯಾರಕರು ಹೇಳಿದರೂ 16 ಇರಲಿ ಎಂದು ಅವರೇ ಸಲಹೆ ಮಾಡುವುದು ಇಂಥ ಭಾರ ನೋಡಿಯೇ. ರ‍್ಯಾಮ್ ಸಾಲದೆ ಹೋದಾಗ ಯಂತ್ರ ಡಿಸ್ಕನ್ನೇ ರ‍್ಯಾಮಿನಂತೆ ಬಳಸತೊಡಗುತ್ತದೆ. ಅಡಿಗೆಮನೆಯ ಕಟ್ಟೆಯ ಮೇಲೆ ಜಾಗವಿಲ್ಲದೆ ಪಾತ್ರೆಗಳನ್ನು ಹಿತ್ತಲಿನಲ್ಲಿಟ್ಟು ಓಡಾಡಿದಂತೆ. ಆ ಡಿಸ್ಕ್ ಹಳೆಯ ತಿರುಗುವ ಬಗೆಯದಾದರೆ ಕಾಫಿ ಕುಡಿದು ಬರಬಹುದು. ಎಸ್‌ಎಸ್‌ಡಿ ಆದರೆ ಅಷ್ಟು ಗೋಳಿಲ್ಲ.

ಮನೆಯಲ್ಲಿ ಅಮ್ಮ ಕಟ್ಟುತ್ತಿದ್ದ ಚೀಟಿ ದೀಪಾವಳಿಗೆ ಕೈಗೆ ಬಂದಿತ್ತು: ₹1,20,000. ಅದರಲ್ಲಿ ₹30,000 ಕಡೆಯ ವರ್ಷದ ಶುಲ್ಕಕ್ಕೆ ಎಂದು ಎತ್ತಿಟ್ಟರು. ಉಳಿದದ್ದು ₹90,000. “ಅದರ ಮೇಲೆ ಒಂದು ಕಾಸೂ ಕೇಳಬೇಡಿ” ಎಂದು ಅಪ್ಪ ಮಗಳಿಬ್ಬರಿಗೂ ಸೇರಿಸಿಯೇ ಹೇಳಿದರು.

ನವೆಂಬರಿನ ಒಂದು ಶನಿವಾರ ಇಬ್ಬರೂ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದು ನಡೆದರು. ಎಸ್.ಪಿ. ರಸ್ತೆ ಎಂದು ಎಲ್ಲರ ಬಾಯಲ್ಲಿ ಓಡಾಡುವ ಸದರ್ ಪತ್ರಪ್ಪ ರಸ್ತೆ ಬೆಂಗಳೂರಿನ ಕಂಪ್ಯೂಟರ್ ಪೇಟೆ. ಒಂದಕ್ಕೊಂದು ಅಂಟಿಕೊಂಡ ಅಂಗಡಿಗಳು, ಮೆಟ್ಟಿಲ ಕೆಳಗೂ ಅಂಗಡಿಗಳು, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತು ದಾರಿ ಬಿಡಿಸಿಕೊಳ್ಳುವ ಹುಡುಗರು, ರಾಜ್ಯೋತ್ಸವಕ್ಕೆ ಕಟ್ಟಿದ ಹಳದಿ ಕೆಂಪು ತೋರಣ. ಅಲ್ಲಿ ಬಿಡಿ ಭಾಗಗಳನ್ನು ಬೇರೆ ಬೇರೆಯಾಗಿ ಆರಿಸಿ ಜೋಡಿಸಿಕೊಳ್ಳಬಹುದು ಎನ್ನುವುದೇ ದೊಡ್ಡ ಅನುಕೂಲ. ಅದೇ ಫಜೀತಿಯೂ ಹೌದು. ಎರಡು ಅಂಗಡಿ ಕೇಳಿದರೆ ಎರಡು ದರ, ಮೂರನೆಯವನು ಮೊದಲಿನ ಇಬ್ಬರೂ ಹೇಳಿದ್ದು ತಪ್ಪು ಎನ್ನುತ್ತಾನೆ.

ಮೊದಲನೆಯ ಅಂಗಡಿಯವನು ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದ. ಒಳಗೆ ಕರಗದ ಮೆರವಣಿಗೆಯ ದೀಪಾಲಂಕಾರದಂತೆ ಬಣ್ಣಬಣ್ಣದ ಬೆಳಕು ಸುತ್ತುತ್ತಿತ್ತು. “ನೋಡಿ ಸಾರ್, ಇದ್ರಲ್ಲಿ ಎಲ್ಲಾ ಗೇಮೂ ಓಡುತ್ತೆ. ಫೋಟೋಶಾಪ್ ಯಾವ ಲೆಕ್ಕ?”

“ನಮಗೆ ಆಟ ಆಡೋಕಲ್ಲಪ್ಪ, ಆಲ್ಬಂ ಮಾಡೋಕೆ. ಇದರ ಜೊತೆ ಯಾವ ಮಾನಿಟರ್ ಕೊಡ್ತೀಯ?”

“ಮಾನಿಟರ್ ಯಾವುದಾದ್ರೂ ಹಾಕ್ಕೊಳ್ಳಿ ಸಾರ್, ಎಲ್ಲಾ ಒಂದೇ.”

ಎಲ್ಲಾ ಒಂದೇ ಅಲ್ಲ ಎನ್ನುವುದನ್ನು ನೋಡಲೆಂದೇ ಮಗಳು ಒಂದು ಪೆನ್‌ಡ್ರೈವ್ ತಂದಿದ್ದಳು. ಅಪ್ಪನ ಕೈಚೀಲದಲ್ಲಿ ಒಂದು ಹಳೆಯ ಪ್ರಿಂಟ್ ಇತ್ತು: ತೊಂಬತ್ತರ ದಶಕದಲ್ಲಿ ಚಿಕ್ಕಪ್ಪನ ಮದುವೆಯಲ್ಲಿ ತೆಗೆದು ಅವರೇ ಕೈಯಾರೆ ಹಾಕಿದ ಕಪ್ಪು-ಬಿಳುಪು ಚಿತ್ರ. ಮದುಮಗ ಕರಿ ಕೋಟು, ಚಿಕ್ಕಮ್ಮ ಜರಿ ಸೀರೆ. ಅದನ್ನು ಸ್ಕ್ಯಾನ್ ಮಾಡಿಸಿದ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಜೊತೆಗೆ ವಾಪಸು ಬಂದ ಆ ಆಲ್ಬಂನ ಎರಡು ಫೋಟೋ, ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಒಂದು ಬೂದು ಪಟ್ಟಿ. ಇಷ್ಟು ಹಿಡಿದುಕೊಂಡು ಹೋಗಲು ಯಾರಿಗೂ ಖರ್ಚಿಲ್ಲ. ಮಾನಿಟರ್ ಕೊಳ್ಳಲು ಹೋಗುವ ಯಾವ ವಿದ್ಯಾರ್ಥಿಯೂ ಇವಿಲ್ಲದೆ ಹೋಗಬಾರದು.

ಮೂರನೆಯ ಅಂಗಡಿಯ ಹುಡುಗ ಒಳ್ಳೆಯವನು, ಬೇಸರಿಸದೆ ಎರಡು ತೆರೆಗಳನ್ನು ಅಕ್ಕಪಕ್ಕ ಹಚ್ಚಿಕೊಟ್ಟ. ಮೊದಲನೆಯದು ಆಟಕ್ಕೆಂದು ಮಾಡಿದ ಅಗ್ಗದ ತೆರೆ. ಸೀರೆಯ ಜರಿ ಝಗ್ಗೆಂದಿತು. ಕೋಟು ಮಾತ್ರ ಇದ್ದಿಲಿನ ಗುಡ್ಡೆಯಾಗಿ ಕಂಡಿತು. “ಕೋಟಿನ ಮಡಿಕೆ ಎಲ್ಲಿ ಹೋಯ್ತು?” ಎಂದರು ಅಪ್ಪ, ಪ್ರಿಂಟನ್ನು ತೆರೆಯ ಪಕ್ಕಕ್ಕೆ ಹಿಡಿದು. ಮೊಣಕೈಯ ಹತ್ತಿರ ಮೂರು ಮಡಿಕೆ, ಜೇಬಿನ ಅಂಚು, ಗುಂಡಿಯ ನೆರಳು ಎಲ್ಲ ಕಾಗದದ ಮೇಲೆ ಇದ್ದವು. ತೆರೆಯ ಮೇಲೆ ಇರಲಿಲ್ಲ. ಮಗಳು ತಲೆ ಬಗ್ಗಿಸಿ ಕೆಳಗಿನಿಂದ ನೋಡಿದಳು, ಕಪ್ಪು ಬೂದಾಯಿತು. ಎದ್ದು ನಿಂತು ನೋಡಿದಳು, ಮುಖ ಬಿಳಿಚಿಕೊಂಡಿತು. ಕೂತ ಭಂಗಿ ಬದಲಾದರೆ ಬಣ್ಣವೂ ಬದಲಾಗುವ ತೆರೆಯಲ್ಲಿ ಬಣ್ಣ ತಿದ್ದುವುದು ಹೇಗೆ?

ಎರಡನೆಯದು ಐ.ಪಿ.ಎಸ್. ಜಾತಿಯ 27 ಅಂಗುಲದ ತೆರೆ, 2560 ಅಡ್ಡ 1440 ಚುಕ್ಕೆಗಳದ್ದು. ಅದರಲ್ಲಿ ಎಸ್‌ಆರ್‌ಜಿಬಿ ಎಂಬ ಆಯ್ಕೆಯನ್ನು ಒತ್ತಿ ಬೆಳಕನ್ನು ಇಳಿಸಿದಾಗ ಮೊದಲು ಸಪ್ಪೆಯಾಗಿ ಕಂಡಿತು. ಅಂಗಡಿಯ ಹುಡುಗನೇ “ಡಲ್ ಆಯ್ತಲ್ಲ ಮೇಡಂ” ಎಂದ. ಎರಡು ನಿಮಿಷ ಕಣ್ಣು ಹೊಂದಿಕೊಂಡ ಮೇಲೆ ಮಡಿಕೆಗಳು ಒಂದೊಂದಾಗಿ ಕಾಣಿಸಿದವು. ವಾಪಸು ಬಂದ ಆಲ್ಬಂನ ಮದುಮಗಳ ಚಿತ್ರವನ್ನು ತೆರೆದರೆ ಕೆನ್ನೆ ಅಚ್ಚಿನಲ್ಲಿ ಬಂದಿದ್ದ ಹಾಗೆಯೇ, ಇಟ್ಟಿಗೆ ಬಣ್ಣದಲ್ಲೇ ಕಂಡಿತು. ಆಗಸ್ಟಿನಲ್ಲಿ ಈ ತೆರೆ ಮನೆಯಲ್ಲಿದ್ದಿದ್ದರೆ ತಪ್ಪು ಮೊದಲನೆಯ ರಾತ್ರಿಯೇ ಗೊತ್ತಾಗುತ್ತಿತ್ತು. ಮಗಳು ಏನೂ ಹೇಳಲಿಲ್ಲ. ಮಾನಿಟರಿನ ಬೆಲೆ ಕೇಳಿದಳು. ₹25,000ದ ಆಸುಪಾಸು.

ಎಸ್‌ಆರ್‌ಜಿಬಿ ಎನ್ನುವುದು ಎಚ್.ಪಿ. ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಮುಂದಿಟ್ಟ ಒಂದು ಸಮಾನ ಅಳತೆಗೋಲು. ಕೆಂಪು ಎಂದರೆ ಎಷ್ಟು ಕೆಂಪು ಎಂದು ಎಲ್ಲ ಯಂತ್ರಗಳೂ ಒಪ್ಪಿಕೊಳ್ಳಲು ಮಾಡಿಕೊಂಡ ಕರಾರು. ಅದಕ್ಕಿಂತ ವಿಶಾಲವಾದ ಅಡೋಬ್ ಆರ್‌ಜಿಬಿ 1998ರಲ್ಲಿ ಬಂತು. ವಿಶಾಲವಾದದ್ದನ್ನು ತೋರಿಸುವ ತೆರೆಗಳಿಗೆ ಬೆಲೆಯೂ ವಿಶಾಲ. ಆಲ್ಬಂ ಲ್ಯಾಬುಗಳು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಕಡತವನ್ನೇ ಕೇಳುವುದರಿಂದ ವಿದ್ಯಾರ್ಥಿಗಳಿಗೆ ಸದ್ಯಕ್ಕೆ ಇದು ಧಾರಾಳ ಸಾಕು. ಅಳತೆಗೋಲು ಸವೆಯದಂತೆ ನೋಡಿಕೊಳ್ಳಬೇಕಷ್ಟೆ. ತೆರೆಯ ಮೇಲಿಟ್ಟು ಬಣ್ಣ ಅಳೆದು ಸರಿಪಡಿಸುವ ಸಣ್ಣ ಉಪಕರಣ ಸಿಗುತ್ತದೆ, ಆದರೆ ಅದನ್ನು ತಿಂಗಳಿಗೊಮ್ಮೆ ಹತ್ತು ನಿಮಿಷ ಬಳಸುವುದು. ಒಬ್ಬೊಬ್ಬರೂ ಒಂದೊಂದು ಕೊಳ್ಳುವುದು ದಂಡ. ಮುಂದೆ ಮೂವರು ಸಹಪಾಠಿಗಳು ಸೇರಿ ಒಂದನ್ನು ಕೊಂಡು, ಒರಳುಕಲ್ಲಿನ ಹಾಗೆ ಮನೆಯಿಂದ ಮನೆಗೆ ತಿರುಗಿಸಿಕೊಂಡರು. (ಒರಳುಕಲ್ಲು ತಿರುಗುತ್ತಿರಲಿಲ್ಲ, ಜನವೇ ಅದರ ಹತ್ತಿರ ಹೋಗುತ್ತಿದ್ದರು ಎಂದು ಅಜ್ಜಿಯರು ತಿದ್ದಿಯಾರು.)

ತೆರೆ ತೀರ್ಮಾನವಾದ ಮೇಲೆ ಪೆಟ್ಟಿಗೆಯ ಚೌಕಾಸಿ. ಸುಮಾರು ₹50,000ದಲ್ಲಿ ಏನಾಗುತ್ತದೆ? ಆರು ಕೋರ್‌ಗಳ, ಚಿತ್ರ ತೋರಿಸುವ ಸಾಮರ್ಥ್ಯ ಒಳಗೇ ಇರುವ ಒಂದು ಪ್ರೊಸೆಸರ್. ಒಂದು ಟಿಬಿಯ ಎಸ್‌ಎಸ್‌ಡಿ. ಸದ್ದು ಮಾಡದ, ಗಾಜಿಲ್ಲದ ಕರಿ ಪೆಟ್ಟಿಗೆ. ರ‍್ಯಾಮಿನ ಹತ್ತಿರ ಬಂದಾಗ ತಡೆಯಿತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಮೇಲಕ್ಕೆ ಹಾರಿತ್ತು. ಕೃತಕ ಬುದ್ಧಿಮತ್ತೆಗಾಗಿ ಜಗತ್ತಿನಲ್ಲೆಲ್ಲ ಎದ್ದು ನಿಲ್ಲುತ್ತಿದ್ದ ದೊಡ್ಡ ಗಣಕ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಿದ್ದರಿಂದ ಎಸ್.ಪಿ. ರಸ್ತೆಯ ಗಿರಾಕಿಗೂ ಬಿಸಿ ತಟ್ಟಿತ್ತು. ಬೆಳಿಗ್ಗೆ ಹೇಳಿದ ದರ ಸಂಜೆಗೆ ಖಾತರಿಯಿಲ್ಲ ಎಂದ ಅಂಗಡಿಯ ಹುಡುಗ, ಈರುಳ್ಳಿಯ ಮಾತಾಡುವಂತೆ. ಎಂಟೆಂಟು ಜಿಬಿಯ ಎರಡು ಪಟ್ಟಿ ಹಾಕಿದರೆ ಯಂತ್ರ ಕೊಂಚ ಚುರುಕು. ಹದಿನಾರರ ಒಂದೇ ಪಟ್ಟಿ ಹಾಕಿದರೆ ಇನ್ನೊಂದು ಕಿಂಡಿ ಖಾಲಿ ಉಳಿಯುತ್ತದೆ. ಮಗಳು ಖಾಲಿ ಕಿಂಡಿಯನ್ನು ಆರಿಸಿದಳು. ಬೆಲೆ ಇಳಿದಾಗ ಇನ್ನೊಂದು ಹದಿನಾರು ಹಾಕಿಸಿ 32 ಮಾಡಿಕೊಳ್ಳುವುದು.

ಗ್ರಾಫಿಕ್ಸ್ ಕಾರ್ಡ್ ಬಿಟ್ಟರು. ಅದನ್ನು ಬಿಡುವುದು ಎಲ್ಲರಿಗೂ ಸರಿ ಎನ್ನುವಂತಿಲ್ಲ. ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳನ್ನು ಅಳಿಸುವ ಹೊಸ ಸೌಲಭ್ಯಗಳು, ಉದಾಹರಣೆಗೆ 2023ರಲ್ಲಿ ಲೈಟ್‌ರೂಂಗೆ ಬಂದ ಡಿನಾಯ್ಸ್, ದುಡಿಯುವುದೇ ಆ ಕಾರ್ಡಿನ ಮೇಲೆ. ಒಳ್ಳೆಯ ಕಾರ್ಡಿದ್ದರೆ ಸೆಕೆಂಡುಗಳಲ್ಲಿ ಮುಗಿಯುವುದು, ಇಲ್ಲದಿದ್ದರೆ ಚಿತ್ರಕ್ಕೆ ನಿಮಿಷಗಳನ್ನು ತಿನ್ನುತ್ತದೆ. ಕಾಡಿನ ಮುಸ್ಸಂಜೆಯಲ್ಲಿ ಹಕ್ಕಿ, ಪ್ರಾಣಿಗಳ ಚಿತ್ರ ತೆಗೆಯುವವರಿಗೂ ವಿಡಿಯೋ ಮಾಡುವವರಿಗೂ ಕಾರ್ಡು ಬೇಕೇ ಬೇಕು. ಛತ್ರದ ದೀಪಗಳಡಿ ಫ್ಲಾಷ್ ಹಾಕಿ ತೆಗೆದ ಮದುವೆ ಫೋಟೋಗಳಿಗೆ ಸದ್ಯಕ್ಕೆ ನಡೆಯುತ್ತದೆ. ಮದರ್‌ಬೋರ್ಡಿನಲ್ಲಿ ಜಾಗ ಇದ್ದೇ ಇದೆ.

ಮ್ಯಾಕ್ ಮಿನಿಯ ಮಾತೂ ಬಂದು ಹೋಯಿತು. 2024ರ ನವೆಂಬರಿನಲ್ಲಿ ₹59,900ಕ್ಕೆ ಮಾರಾಟಕ್ಕೆ ಬಂದ, ಅಂಗೈಗಿಂತ ತುಸು ದೊಡ್ಡದಾದ ಆ ಡಬ್ಬಿ 16 ಜಿಬಿ ಮೆಮೊರಿಯೊಂದಿಗೆ ಫೋಟೋ ಕೆಲಸವನ್ನು ಹೂ ಎತ್ತಿದಂತೆ ಮಾಡುತ್ತದೆ; ಕರೆಂಟೂ ಕಡಿಮೆ. ಆದರೆ ಮೆಮೊರಿಯನ್ನು ಮುಂದೆಂದೂ ಹೆಚ್ಚಿಸುವಂತಿಲ್ಲ, ಒಳಗಿನ ಜಾಗ 256 ಜಿಬಿ ಮಾತ್ರ. ಮೂರು ಮದುವೆಗೆ ತುಂಬಿತು. ಹೊರಗೆ ಡಿಸ್ಕ್ ಸಿಕ್ಕಿಸಿಕೊಂಡು ನಿಭಾಯಿಸುವವರಿಗೆ ಅದು ಕೆಟ್ಟ ಆಯ್ಕೆಯೇನಲ್ಲ. ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರುಗಳೂ ಈ ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವನ್ನು ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಲಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಮಾಮೂಲಿ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ.

ಬಿಲ್ಲಿನ ಹೊತ್ತಿಗೆ ಒಂದು ಕಡೆ “ಫೋಟೋಶಾಪ್ ಎಲ್ಲಾ ಹಾಕೇ ಕೊಡ್ತೀವಿ, ಫ್ರೀ” ಎಂಬ ಆಸೆ ತೋರಿಸಿದ್ದರು. ಬೀಗ ಮುರಿದ ಪ್ರತಿಗಳು. ಕಳ್ಳಮಾಲು ಎನ್ನುವುದು ಹಾಗಿರಲಿ, ಅಂಥ ಪ್ರತಿಗಳ ಜೊತೆ ಏನೇನು ನುಸುಳಿ ಬರುತ್ತದೋ ಹೇಳಲಾಗದು. ಗಿರಾಕಿಯ ಮನೆಯ ಮದುವೆ ಚಿತ್ರಗಳಿರುವ ಯಂತ್ರಕ್ಕೆ ಅದನ್ನು ಹಾಕಬಾರದು. ಅಪ್ಪ ಬೇಡವೆಂದರು. 1990ರಲ್ಲಿ ಮೊದಲು ಹೊರಬಂದ ಫೋಟೋಶಾಪ್ 2013ರ ನಂತರ ಬಾಡಿಗೆ ಮನೆಯಂತಾಗಿದೆ, ತಿಂಗಳು ತಿಂಗಳು ಕಟ್ಟಬೇಕು. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಕಟ್ಟಲಾಗದವರಿಗೆ ಗಿಂಪ್, ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶಗಳಿವೆ. ರಾ ಕಡತದ ಬಣ್ಣ ತಿದ್ದುವುದಕ್ಕೆ ಡಾರ್ಕ್‌ಟೇಬಲ್ ಯಾವುದಕ್ಕೂ ಕಡಿಮೆಯಿಲ್ಲ, ಕಲಿಯಲು ತಾಳ್ಮೆ ಬೇಕು. ವಿಂಡೋಸ್ ಪರವಾನಗಿ, ಎರಡು ಡಿಸ್ಕು, ಒಂದು ಯು.ಪಿ.ಎಸ್. ಎಲ್ಲ ಸೇರಿ ₹90,000ದ ಗೆರೆ ದಾಟಿ ₹98,000ಕ್ಕೆ ಹೋಗಿ ನಿಂತಿತು. ಮನೆಗೆ ಬಂದ ಮೇಲೆ ಆ ಎಂಟು ಸಾವಿರದ ಬಗ್ಗೆ ಅಮ್ಮ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ “ಕೂತ್ಕೊಳೋ ಕುರ್ಚಿಗೆ ದುಡ್ಡಿಟ್ಕೊಂಡಿದ್ದೀರೋ?” ಎಂದು ಕೇಳಿದರು. ಇಟ್ಟುಕೊಂಡಿರಲಿಲ್ಲ. ಊಟದ ಮೇಜಿನ ಕುರ್ಚಿಯೊಂದಕ್ಕೆ ದಿಂಬು ಹಾಕಿದರು.

ಯು.ಪಿ.ಎಸ್. ದುಂದಲ್ಲ ಎನ್ನುವುದು ಆ ವಾರವೇ ಗೊತ್ತಾಯಿತು. ಮಳೆ ಹನಿಯೊಡೆದ ಸಂಜೆ ಬೀದಿಯ ಕರೆಂಟು ಹೋದಾಗ ಮಗಳು ಹಾಳೆಯನ್ನು ಉಳಿಸಿ, ಯಂತ್ರ ಆರಿಸಿ, ಮೇಣದ ಬತ್ತಿ ಹುಡುಕಲು ಹೋದಳು.

ಕನ್ನಡದ ಮನೆಗಳಿಗೆ ಸಂಬಂಧಿಸಿದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಆಲ್ಬಂನ ಮೊದಲ ಹಾಳೆಯಲ್ಲಿ ವಧೂವರರ ಹೆಸರು ಕನ್ನಡದಲ್ಲಿ ಬೇಕೆಂದು ಕೇಳುವವರು ಈ ಕಡೆ ಹೆಚ್ಚು. ಹೊಸ ಯಂತ್ರದಲ್ಲಿ ಯೂನಿಕೋಡ್ ಅಕ್ಷರ ಹೊಡೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತು ‘ಲಕ್ಷ್ಮಿ’ ಗುರುತೇ ಸಿಗದ ಹಾಗಾಯಿತು. ಸ್ಟುಡಿಯೋದವರೆಲ್ಲ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಕೆಲಸ ಸಾಗಿಸುತ್ತಾ ಬಂದದ್ದು ಈ ಕಾರಣಕ್ಕೇ. ಫೋಟೋಶಾಪಿನ ಈಚಿನ ಆವೃತ್ತಿಗಳಲ್ಲಿ ಅಕ್ಷರಗಳ ವಿಭಾಗದ ಆಯ್ಕೆಗಳಿಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳನ್ನೂ ಒಳಗೊಂಡ ‘ವರ್ಲ್ಡ್-ರೆಡಿ’ ವ್ಯವಸ್ಥೆಯನ್ನು ಆರಿಸಿಕೊಂಡರೆ ಒತ್ತು, ಗುಣಿತ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಾ ಕನ್ನಡ ತಂತ್ರಾಂಶಕ್ಕಾಗಿಯೂ ಗುದ್ದಾಡಿದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಒಂದು ಗುಂಡಿ ಒತ್ತಿದರೆ ‘ಲಕ್ಷ್ಮಿ’ ಕೂಡಿಕೊಳ್ಳುವುದನ್ನು ಅವರು ನೋಡಬೇಕಿತ್ತು.

ಮೇಜು ಎಲ್ಲಿ ಹಾಕುವುದು ಎಂಬುದಕ್ಕೆ ಒಂದು ಭಾನುವಾರ ಹಿಡಿಯಿತು. ಪಡುವಣ ಕಿಟಕಿಯ ಕೋಣೆಯಲ್ಲಿ ಮಧ್ಯಾಹ್ನ ಮೂರರಿಂದ ತೆರೆಯ ಮೇಲೆ ಬಿಸಿಲು. ಇನ್ನೊಂದು ಕೋಣೆಯ ಗೋಡೆ ಗಿಳಿಹಸಿರು. ಆ ಹಸಿರು ಕಣ್ಣಿಗೆ ಬಡಿದು, ತೆರೆಯ ಮೇಲಿನ ಮುಖಗಳೆಲ್ಲ ಕೆಂಪಾಗಿವೆ ಎನ್ನಿಸುತ್ತದೆ. ಬೂದು ಬಣ್ಣ ಹೊಡೆಸೋಣ ಎಂದರು ಅಪ್ಪ. ಮದುವೆಗೆ ಬಂದ ಹೆಣ್ಣುಮಗಳಿರುವ ಮನೆಯಲ್ಲಿ ಬೂದಿ ಬಣ್ಣದ ಗೋಡೆಯೇ ಎಂದರು ಅಮ್ಮ. ಕೊನೆಗೆ ತೆರೆಯ ಹಿಂದಿನ ಗೋಡೆಯಷ್ಟಕ್ಕೆ, ಸ್ಟುಡಿಯೋ ಮುಚ್ಚಿದಾಗಿನಿಂದ ಅಟ್ಟದ ಮೇಲೆ ಸುರುಳಿ ಸುತ್ತಿ ಬಿದ್ದಿದ್ದ ಬೂದು ಪರದೆ ಇಳಿದು ಬಂತು. ಎಷ್ಟೋ ಜನರ ಪಾಸ್‌ಪೋರ್ಟ್ ಫೋಟೋದ ಹಿಂದೆ ನಿಂತಿದ್ದ ಪರದೆ ಅದು.

ಮುಂದಿನ ಆಲ್ಬಂನಲ್ಲಿ ಮಗಳು ಪೂರ್ತಿ ಅಚ್ಚಿಗೆ ಕಳಿಸುವ ಮೊದಲು ಮೂರು ಚಿತ್ರಗಳನ್ನು ಸಣ್ಣ ಅಳತೆಯಲ್ಲಿ ಹಾಕಿಸಿ ತಂದು ತೆರೆಯ ಪಕ್ಕ ಹಿಡಿದು ನೋಡಿದಳು. ಅಪ್ಪನೂ ಬಗ್ಗಿ ನೋಡಿದರು. “ಮಜೆಂಟಾ ಒಂದು ಚೂರು ಇಳಿಸು ಪುಟ್ಟಿ” ಎಂದರು. ಅವಳು ಇಳಿಸಿದಳು. “ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿ” ಎಂದು ಗಿರಾಕಿಯ ಕಡೆಯಿಂದ ಫೋನು ಬಂದಿತ್ತು. ಪೆನ್ಸಿಲಿನಲ್ಲಿ ನೆಗೆಟಿವ್ ತಿದ್ದುತ್ತಿದ್ದ ಕಾಲದಲ್ಲೂ ಬರುತ್ತಿದ್ದ ಬೇಡಿಕೆಯೇ. ಆಗ ಅಪ್ಪ ಏನು ಮಾಡುತ್ತಿದ್ದರು ಎಂದು ಮಗಳು ಕೇಳಿದಳು. “ಮಾಡಿಕೊಡ್ತಿದ್ದೆ” ಎಂದರು ಅವರು. ಅವಳು ಮುಖದ ಮೇಲಿನ ಬೆಳಕನ್ನಷ್ಟೇ ತಿದ್ದಿ, ಬಣ್ಣ ಹಾಗೇ ಬಿಟ್ಟು ಕಳಿಸಿದಳು. ಆ ಆಲ್ಬಂ ವಾಪಸು ಬರಲಿಲ್ಲ.

ಎರಡು ಡಿಸ್ಕುಗಳಲ್ಲಿ ಒಂದು ಯಂತ್ರದ ಒಳಗಿದೆ. ಇನ್ನೊಂದು ಮನೆಯಲ್ಲಿರುವುದಿಲ್ಲ. ಕಳ್ಳತನ, ಬೆಂಕಿ, ಮಳೆನೀರು ಯಾವುದೂ ಹೇಳಿ ಬರುವುದಿಲ್ಲವಾದ್ದರಿಂದ ಪ್ರತಿ ತಿಂಗಳು ಎಲ್ಲದರ ಪ್ರತಿ ತುಂಬಿದ ಆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಅಪ್ಪ ನೇರಳೆ ಮಾರ್ಗದ ಮೆಟ್ರೋದಲ್ಲಿ ಕೆಂಗೇರಿಗೆ ಹೋಗುತ್ತಾರೆ. ಅಲ್ಲಿ ಅತ್ತೆಯ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಅದರ ಜಾಗ. ನುಸಿಗುಳಿಗೆ ಹತ್ತಿರ ಇಡಬೇಡ ಎಂದು ಅವರು ತಂಗಿಗೆ ಪ್ರತಿ ಸಲವೂ ಹೇಳುತ್ತಾರೆ. ಊರವರ ಮದುವೆಗಳೆಲ್ಲ ನನ್ನ ಬೀರುವಿನಲ್ಲೇ ಇವೆ ಎಂದು ಅತ್ತೆ ಅಕ್ಕಪಕ್ಕದವರಿಗೆ ಹೇಳಿಕೊಂಡು ಬರುತ್ತಿದ್ದಾರಂತೆ.